ತುಟಿ ಮೇಷ್ಟ್ರು

ನೀವು ಮಾತನಾಡುತ್ತಿರುವಾಗ ಎದುರಿಗೆ ಕುಳಿತವರು ನಿಮ್ಮ ಕಣ್ಣುಗಳನ್ನು ಬಿಟ್ಟು ಬಾಯಿಯನ್ನೇ ನೋಡುತ್ತಿದ್ದರೆ, ಮೊದಲ ನಿಮಿಷದಲ್ಲಿ ಸಣ್ಣದೊಂದು ಅನುಮಾನ ಹುಟ್ಟುತ್ತದೆ, ಎರಡನೆಯ ನಿಮಿಷಕ್ಕೆ ಕರವಸ್ತ್ರ ಹೊರಬರುತ್ತದೆ, ಮೂರನೆಯದಕ್ಕೆ ಏನಾದರೊಂದು ನೆಪ ಹೇಳಿ ಕನ್ನಡಿ ಇರುವ ಕಡೆಗೆ ಎದ್ದುಹೋಗದೆ ಬೇರೆ ದಾರಿ ಉಳಿಯುವುದಿಲ್ಲ. ನಮ್ಮ ನಿರ್ಮಾಪಕರು ಮೇಷ್ಟ್ರನ್ನು ಕಂಡ ಮೊದಲ ದಿನ ಅರ್ಧ ಗಂಟೆಯೊಳಗೆ ಎರಡು ಸಲ ಹೋಗಿ ಹಲ್ಲು ನೋಡಿಕೊಂಡು ಬಂದರು. ನಾಯಕ ನಟನಿಗೆ ತನ್ನ ಮುಂದಿನ ಹಲ್ಲೆರಡೂ ಕಟ್ಟಿಸಿದ್ದೆಂಬ ಗುಟ್ಟು ಬಯಲಾಯಿತೆಂದು ದಿಗಿಲಾಯಿತು. ನಾನೊಬ್ಬನೇ, ಬರಹಗಾರನಿಗೆ ಸಹಜವಾದ ಆತ್ಮವಿಶ್ವಾಸದಿಂದ, ಈ ಹಿರಿಯರು ನನ್ನ ವಾಗ್ವೈಖರಿಗೆ ಮನಸೋತು ಬಾಯಿ ನೋಡುತ್ತಿದ್ದಾರೆಂದು ಭಾವಿಸಿ ಆ ದಿನ ಬೇಕಾದ್ದಕ್ಕಿಂತ ಮೂರು ಪಟ್ಟು ಮಾತನಾಡಿದೆ.

ಕಿವಿ ಕೇಳದ ಮಕ್ಕಳ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದವರು ಅವರು. ಎತ್ತರದ, ತೆಳ್ಳನೆಯ ಆಳು. ಸದಾ ಒಂದು ಬೂದಿಬಣ್ಣದ ಕೋಟು. ಆ ಕೋಟಿನ ಕೆಳಗಿನ ಎರಡು ಜೇಬುಗಳೂ ಭಾರಕ್ಕೆ ಜೋತುಬಿದ್ದು, ಮೊಲೆಯೂಡಿಸಿ ಸುಸ್ತಾದ ಹಸುವಿನ ನೆನಪು ತರುತ್ತಿದ್ದವು. ಒಂದರಲ್ಲಿ ಅಂಗೈಯಗಲದ ದುಂಡು ಕನ್ನಡಿ, ಇನ್ನೊಂದರಲ್ಲಿ ಬೆರಳಗಲಕ್ಕೆ ಕತ್ತರಿಸಿದ ಕಾಗದದ ಚೂರುಗಳ ಕಂತೆ. ಆ ಚೂರುಗಳು ಪಾಠದ ಸಾಮಗ್ರಿ. ತುಟಿಯ ಮುಂದೆ ಕಾಗದ ಹಿಡಿದು ‘ಪ’ ಎಂದರೆ ಅದು ಹಾರಬೇಕು, ‘ಬ’ ಎಂದರೆ ಅಲುಗಬೇಕು, ‘ಮ’ ಎಂದರೆ ಸುಮ್ಮನಿರಬೇಕು. ಶಬ್ದವೆಂದರೇನೆಂದೇ ತಿಳಿಯದ ಮಗುವೊಂದು ಹೀಗೆ ಕಾಗದದ ಕುಣಿತವನ್ನು ನೋಡಿ ನೋಡಿ, ವರ್ಷಕ್ಕೆ ಹತ್ತೋ ಹನ್ನೆರಡೋ ಅಕ್ಷರಗಳನ್ನು ಒಲಿಸಿಕೊಳ್ಳುತ್ತಿತ್ತಂತೆ. ಒಂದೇ ರಾತ್ರಿಯಲ್ಲಿ ಹತ್ತು ಪುಟ ಸಂಭಾಷಣೆ ಗೀಚಿ ಮುಗಿಸುವ ನನ್ನಂಥವನಿಗೆ ಈ ಲೆಕ್ಕಾಚಾರ ಕೇಳಿ ಮೊದಲು ಬಂದದ್ದು ಗೌರವವಲ್ಲ, ಆಕಳಿಕೆ. ಅದನ್ನೂ ಅವರು ಶ್ರದ್ಧೆಯಿಂದ ನೋಡಿದರು.

ಮೂವತ್ತೊಂದು ವರ್ಷದ ವೃತ್ತಿ ಅವರ ಮೈಯನ್ನು ತನಗೆ ಬೇಕಾದಂತೆ ಬಗ್ಗಿಸಿಕೊಂಡಿತ್ತು. ಮಾತನಾಡುವಾಗ ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಬೆನ್ನು ತೋರಿಸಿದವನ ಮಾತು ಅವರ ಮಕ್ಕಳ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ಕೋಣೆಯಿಂದ ಹೊರಡುವಾಗ ವಾಕ್ಯ ಮುಗಿಯುವ ತನಕ ಹಿಮ್ಮುಖವಾಗಿ ನಡೆದು, ಹೊಸ್ತಿಲನ್ನು ಹಿಮ್ಮಡಿಯಿಂದ ತಡವಿ ದಾಟಿ, ಆಮೇಲೆ ಮೌನವಾಗಿ ತಿರುಗಿ ಹೋಗುತ್ತಿದ್ದರು. ಯಾವುದೋ ದರ್ಬಾರಿನಿಂದ ಬೀಳ್ಕೊಳ್ಳುತ್ತಿರುವ ಮಂತ್ರಿಯಂತೆ ಕಾಣುತ್ತಿದ್ದ ಆ ನಿರ್ಗಮನವನ್ನು ನಿರ್ಮಾಪಕರು ತಮಗೆ ಸಲ್ಲುತ್ತಿರುವ ಮರ್ಯಾದೆ ಎಂದು ಬಹುಕಾಲ ನಂಬಿದ್ದರು. ಇನ್ನು ಪ್ರತಿ ಎರಡನೆಯ ವಾಕ್ಯದ ಕೊನೆಗೆ ‘ಬಂತಾ?’ ಎಂದು ಕೇಳುವ ಅಭ್ಯಾಸ. ಹೇಳಿದ್ದು ನಿಮ್ಮವರೆಗೆ ಬಂತೇ ಎಂದರ್ಥ. ಎಷ್ಟೋ ಸಲ ಮಾತಿನ ನಡುವೆ ದನಿ ನಿಂತುಹೋಗಿ ತುಟಿ ಮಾತ್ರ ಚಲಿಸುತ್ತಿರುತ್ತಿತ್ತು. ದನಿ ಎನ್ನುವುದು ಅವರಿಗೆ ಹೊರಗೆ ಹೋಗುವಾಗ ಹಾಕಿಕೊಳ್ಳುವ ಕೋಟಿನ ಹಾಗೆ, ಮರೆತರೂ ಮಾನ ಹೋಗುವಂಥದ್ದಲ್ಲ.

ಇಂಥವರು ನಮ್ಮ ಸಿನಿಮಾಕ್ಕೆ ಬಂದದ್ದು ಹೇಗೆಂದು ಹೇಳಬೇಕಾದರೆ ನಮ್ಮ ಸಿನಿಮಾ ಎಂಥದೆಂದು ಹೇಳಬೇಕಾಗುತ್ತದೆ. ಆ ಚಿತ್ರಕ್ಕೆ ಸಂಭಾಷಣೆ ಬರೆದವನು ನಾನು. ಈ ಒಂದು ಸಣ್ಣ ವಾಕ್ಯ ಬರೆಯುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು. ಹಲ್ಲಿನ ಡಾಕ್ಟರೊಬ್ಬ, ಬ್ಯಾಂಕಿನ ಮ್ಯಾನೇಜರೊಬ್ಬ, ಸೊಸೆ ಬಂದ ಮನೆಯ ಯಜಮಾನನೊಬ್ಬ, ಹೀಗೆ ಐವತ್ತರ ಅಂಚಿನ ಮೂವರು ಗೆಳೆಯರು ಹಳೆಯ ವಿದ್ಯಾರ್ಥಿಗಳ ಕೂಟದ ನೆಪದಲ್ಲಿ ಒಂದು ವಾರ ತಮ್ಮ ಕಾಲೇಜು ಹಾಸ್ಟೆಲಿಗೆ ಮರಳಿ, ಇಪ್ಪತ್ತರಲ್ಲಿ ಮಾಡಿದ ಪೋಲಿತನವನ್ನೆಲ್ಲ ಐವತ್ತರ ಮಂಡಿಗಳೊಂದಿಗೆ ಮತ್ತೆ ಮಾಡುವ ಕಥೆ. ಗೋಡೆ ಹಾರುತ್ತಾರೆ, ಸೊಂಟ ಹಿಡಿಯುತ್ತದೆ. ಹುಡುಗಿಯರ ಹಾಸ್ಟೆಲಿನ ಕಿಟಕಿಗೆ ಏಣಿ ಹಾಕುತ್ತಾರೆ, ಕನ್ನಡಕ ಮರೆತು ಬಂದದ್ದರಿಂದ ಏನೂ ಕಾಣುವುದಿಲ್ಲ. ಉಳಿದದ್ದನ್ನು ಇಲ್ಲಿ ಬರೆಯಲಾರೆ. ನನ್ನ ಅತ್ತೆಯವರಿಗೆ ನಾನು ‘ವಿದ್ಯಾರ್ಥಿ ಜೀವನದ ಮೌಲ್ಯಗಳ ಕುರಿತ ಚಿತ್ರ’ ಎಂದು ಹೇಳಿದ್ದೆ. ಅವರು ಸಂತೋಷಪಟ್ಟು ತಮ್ಮ ಓರಗೆಯವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಪ್ರಮಾಣಪತ್ರ ಕೊಡುವ ಮಂಡಳಿಯವರು ಚಿತ್ರ ನೋಡಿ ನಲವತ್ತೊಂದು ಆಕ್ಷೇಪಣೆಗಳ ಪಟ್ಟಿ ಕಳಿಸಿದರು. ನಲವತ್ತೊಂದೂ ಮಾತುಗಳೇ, ಎಲ್ಲವೂ ನನ್ನವೇ. ತೆಗೆಯಿರಿ, ಇಲ್ಲವೇ ಬದಲಿಸಿ. ಅಷ್ಟೂ ಕಡೆ ದನಿ ಅಳಿಸಿದರೆ ನಮ್ಮದು ಮೂಕಿ ಚಿತ್ರವಾಗುತ್ತಿತ್ತು. ಮತ್ತೆ ಚಿತ್ರೀಕರಿಸೋಣವೆಂದರೆ ನಾಯಕ ನಟ ಆಗಲೇ ಇನ್ನೊಂದು ಚಿತ್ರಕ್ಕಾಗಿ ತಲೆ ಬೋಳಿಸಿಕೊಂಡಿದ್ದ. ಆಗ ನಮ್ಮ ಧ್ವನಿಮುದ್ರಕ ಒಂದು ಉಪಾಯ ಹೇಳಿದ: ತೆರೆಯ ಮೇಲಿನ ತುಟಿ ಹೇಗೆ ಚಲಿಸಿದೆಯೋ ಹಾಗೆಯೇ ಚಲಿಸುವ ಬೇರೆ ಸಭ್ಯ ಮಾತನ್ನು ಹುಡುಕಿ, ಅದನ್ನು ಆ ತುಟಿಗೆ ಹೊಲಿದುಬಿಡುವುದು. ಅವನ ತಮ್ಮನಿಗೆ ಕಿವಿ ಕೇಳುವುದಿಲ್ಲ. ಆ ತಮ್ಮನಿಗೆ ಅಕ್ಷರ ಕಲಿಸಿದವರು ಮೇಷ್ಟ್ರು. ‘ತುಟಿಯ ವಿಷಯದಲ್ಲಿ ಅವರನ್ನ ಬಿಟ್ರೆ ಇಲ್ಲ’ ಎಂದ. ಹೀಗೆ ಅವರು ಬಂದರು, ಬಂದ ಎರಡನೆಯ ದಿನವೇ ಸ್ಟುಡಿಯೋದ ಬಾಯಲ್ಲಿ ತುಟಿ ಮೇಷ್ಟ್ರಾದರು.

ನಾನು ಬರೆದ ಒಂದೊಂದು ಹೊಲಸು ಮಾತನ್ನೂ ಆ ಮನುಷ್ಯ ಗೆರೆ ಎಳೆದ ಶಾಲಾ ನೋಟುಪುಸ್ತಕದಲ್ಲಿ ದುಂಡಗೆ, ತಲೆಕಟ್ಟು ತಪ್ಪದಂತೆ ಬರೆದುಕೊಂಡರು. ಬಾಯಲ್ಲಿ ಮಾತ್ರ ಒಮ್ಮೆಯೂ ಆಡಲಿಲ್ಲ. ಅವರ ಪಾಲಿಗೆ ಅವೆಲ್ಲ ನಂಬರುಗಳು. ‘ಹದಿನೇಳನೇದು ಸುಲಭ. ಇಪ್ಪತ್ತಾರನೇದು ಸ್ವಲ್ಪ ಗಟ್ಟಿ ಇದೆ’ ಎನ್ನುವರು, ಕಾಯಿಲೆಯ ಮಕ್ಕಳ ಬಗ್ಗೆ ಮಾತನಾಡುವ ವೈದ್ಯರಂತೆ. ತುಟಿಗೆ ಪ, ಬ, ಮ ಮೂರೂ ಒಂದೇ; ಕ, ಗ ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಅಡಗುವವು, ಹೊರಗೆ ಸುಳಿವೇ ಕೊಡುವುದಿಲ್ಲ. ಈ ಸಂದುಗೊಂದುಗಳಲ್ಲಿ ನುಸುಳಿ ಅವರು ಸಭ್ಯ ಮಾತು ಹುಡುಕುತ್ತಿದ್ದರು. ಚಿತ್ರದ ಪರಾಕಾಷ್ಠೆಯಲ್ಲಿ ನಾಯಕ ತನ್ನ ಹಳೆಯ ವಾರ್ಡನ್ನನ ಎದುರು ಹಲ್ಲು ಕಡಿದು, ಕೊರಳ ನರ ಉಬ್ಬಿಸಿ, ‘ಪೀಪಾಯಿ’ ಎಂದು ಗರ್ಜಿಸುವುದನ್ನು ಕೇಳಿ ಮುಂದೆ ಒಬ್ಬ ವಿಮರ್ಶಕ ಅದರಲ್ಲಿ ಅಸಂಗತ ನಾಟಕದ ಛಾಯೆ ಕಂಡನು. ಆ ಯಶಸ್ಸನ್ನು ನಾನು ತುಟಿಪಿಟಕ್ಕೆನ್ನದೆ ಸ್ವೀಕರಿಸಿದೆ.

ಇದನ್ನೆಲ್ಲ ಅವರು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರು, ನಡುಮನೆಯ ಗೋಡೆಗನ್ನಡಿಯ ಮುಂದೆ ನಿಂತು, ದನಿಯಿಲ್ಲದೆ. ಅವರು ಮರೆತ ಸಂಗತಿ ಒಂದೇ. ಅವರ ಮನೆಯವರೂ ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವರು, ಬಯಲಿನ ಆಚೆ ಬದಿಯಲ್ಲಿ ನಿಂತವನ ತುಟಿಯನ್ನೂ ಓದಬಲ್ಲವರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ತಾಯಿ ತಮ್ಮ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಕೇಳದ, ಅಂದರೆ ಕಾಣದ, ಮಾತುಗಳನ್ನು ಗಂಡನ ಬಾಯಲ್ಲಿ ಸಾಲಾಗಿ ಕಂಡರು. ಎರಡು ದಿನ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋದರಂತೆ. ಮೂರನೆಯ ದಿನ ಕೋಣೆಯ ಆಚೆಯಿಂದ, ಅವರೂ ದನಿಯಿಲ್ಲದೆ, ‘ಒಂಬತ್ತನೇದರಲ್ಲಿ ನಿಮ್ಮ ಕೆಳತುಟಿ ಸರಿ ಇಲ್ಲ’ ಎಂದರಂತೆ. ಇದನ್ನು ನಮಗೆ ಹೇಳುವಾಗ ಮೇಷ್ಟ್ರ ಕಿವಿ ಕೆಂಪಾಗಿತ್ತು. ಅವರು ಒಳ್ಳೆಯ ಶಿಕ್ಷಕಿ, ತಪ್ಪಿದ್ದು ಕಂಡರೆ ಸುಮ್ಮನಿರಲಾರರು ಎಂದು ಸೇರಿಸಿದರು.

ಇಲ್ಲಿಯವರೆಗೆ ಹೇಳಿದ್ದನ್ನು ನಾನು ಹಲವು ಕೂಟಗಳಲ್ಲಿ ಹೇಳಿ ನಗಿಸಿದ್ದೇನೆ. ಇಲ್ಲಿಂದ ಮುಂದಿನದನ್ನು ಹೇಳಿಲ್ಲ.

ನಲವತ್ತೊಂದೂ ಮುಗಿದ ಮೇಲೆ ಮೇಷ್ಟ್ರು ಇಡೀ ಚಿತ್ರವನ್ನು ಒಮ್ಮೆ ನೋಡಬೇಕೆಂದರು. ನೋಡುತ್ತಾ ಒಂದು ಕಡೆ ನಿಲ್ಲಿಸಲು ಹೇಳಿ, ಅದೇ ಭಾಗವನ್ನು ದನಿ ತೆಗೆದು ಹಾಕಿಸಿಕೊಂಡರು. ಇನ್ನೊಮ್ಮೆ. ಮತ್ತೊಮ್ಮೆ. ಅದು ಹಾಸ್ಟೆಲಿನ ಊಟದ ಮನೆಯ ದೃಶ್ಯ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮೂವರು. ಎದುರಿಗೆ ಬಡಿಸುವ ಹೆಂಗಸು, ಆಕೆಗೆ ಕಿವಿ ಕೇಳುವುದಿಲ್ಲ. ನಾಯಕ ಕೈ ಜೋಡಿಸಿ, ಮುಖದಲ್ಲಿ ಭಕ್ತಿ ತುಂಬಿಕೊಂಡು, ಸ್ತೋತ್ರ ಹೇಳುವ ರಾಗದಲ್ಲಿ ಆಕೆಯ ಮೈಕಟ್ಟನ್ನೂ ನಡಿಗೆಯನ್ನೂ ಹಣೆಬರಹವನ್ನೂ ವರ್ಣಿಸುತ್ತಾನೆ. ಬೈಗುಳವೆನ್ನುವಂಥದ್ದು ಒಂದೂ ಇಲ್ಲ, ಆದ್ದರಿಂದ ಮಂಡಳಿಯವರ ಪಟ್ಟಿಯಲ್ಲೂ ಇಲ್ಲ. ಆಕೆ ಏನೋ ಒಳ್ಳೆಯ ಮಾತೆಂದು ತಿಳಿದು ಮುಗುಳ್ನಕ್ಕು ಅವನಿಗೆ ಒಂದು ಸೌಟು ಹೆಚ್ಚು ಬಡಿಸುತ್ತಾಳೆ. ಹಿಂದಿನ ಇಬ್ಬರು ತಟ್ಟೆಯಿಂದ ಮುಖ ಮುಚ್ಚಿಕೊಂಡು ನಗುತ್ತಾರೆ.

‘ಇದಕ್ಕೆ ನಂಬರ್ ಇಲ್ವಲ್ಲ?’ ಎಂದರು ಮೇಷ್ಟ್ರು.

ಇದು ಕಲ್ಪನೆಯಲ್ಲ, ನಡೆದದ್ದು ಎಂದು ನಾನು ಹೆಮ್ಮೆಯಿಂದಲೇ ವಿವರಿಸಿದೆ. ನಾನು ಓದುತ್ತಿದ್ದಾಗ ನಮ್ಮ ಹಾಸ್ಟೆಲಿನಲ್ಲಿ ಇಂಥದೇ ಒಬ್ಬ ಹೆಂಗಸಿದ್ದರು, ಆ ಸ್ತೋತ್ರವನ್ನು ಕಟ್ಟಿ ಹಾಡುತ್ತಿದ್ದವನು ನಾನೇ, ಇಡೀ ಸಾಲು ಬಿದ್ದು ಬಿದ್ದು ನಗುತ್ತಿತ್ತು. ನನ್ನ ಹಾಸ್ಯಪ್ರಜ್ಞೆಯ ಮೊದಲ ಪ್ರದರ್ಶನ ಅದೇ ಎಂದೂ ಹೇಳಿದ ನೆನಪು.

‘ಅವರು ಏನ್ ಮಾಡ್ತಿದ್ರು?’

‘ನಗ್ತಿದ್ರು. ನಿಜವಾಗ್ಲೂ ಒಂದು ಸೌಟು ಜಾಸ್ತಿ ಹಾಕ್ತಿದ್ರು ಮೇಷ್ಟ್ರೇ. ಮುಖ ನೋಡಿ ಇವನೊಬ್ಬ ಒಳ್ಳೆ ಹುಡುಗ ಅಂದ್ಕೊಂಡಿದ್ರು, ಪಾಪ.’

‘ಎಷ್ಟು ದಿನ ನಡೀತು?’

‘ಮೂರು ವರ್ಷ.’

‘ಹುಟ್ಟಿನಿಂದ್ಲೇ ಕೇಳ್ತಿರ್ಲಿಲ್ವಾ?’

‘ಹಾಗಂತಿದ್ರು.’

ಮೇಷ್ಟ್ರು ಸ್ವಲ್ಪ ಹೊತ್ತು ನನ್ನ ಬಾಯಿಯನ್ನು ಬಿಟ್ಟು, ಮೊತ್ತಮೊದಲ ಬಾರಿಗೆ, ನನ್ನ ಕಣ್ಣುಗಳನ್ನು ನೋಡಿದರು. ‘ಹಾಗಿದ್ರೆ ಅವರಿಗೆ ಗೊತ್ತಿತ್ತು’ ಎಂದರು.

ನಾನು ವಾದಿಸಿದೆ. ಆಕೆ ಯಾವ ಶಾಲೆಗೂ ಹೋದವರಲ್ಲ, ತುಟಿ ಓದಲು ಅವರಿಗೆ ಯಾರು ಕಲಿಸಿದ್ದರು ಎಂದೆ. ಮೇಷ್ಟ್ರು ಸಿಟ್ಟಾಗಲಿಲ್ಲ. ಹಿಂದಿನ ಬೆಂಚಿನ ಹುಡುಗನಿಗೆ ಹೇಳುವಂತೆ ನಿಧಾನವಾಗಿ ಹೇಳಿದರು.

‘ಮಾತು ಪೂರ್ತಿ ಬರದೇ ಇದ್ದಿರ್ಬಹುದು. ಮುಖ ಬಂದೇ ಬರುತ್ತೆ. ನಿಮ್ಮ ಮುಖದಲ್ಲಿ ಭಕ್ತಿ ಇತ್ತು, ಸರಿ. ನಿಮ್ಮ ಹಿಂದೆ ನಿಂತು ನಗ್ತಿತ್ತಲ್ಲ ಇಡೀ ಸಾಲು, ಅಷ್ಟು ಜನರ ಮುಖ ಕಾಣ್ತಿರ್ಲಿಲ್ವಾ ಬಡಿಸೋರಿಗೆ? ಬಂತಾ?’

‘ಮತ್ತೆ ಜಾಸ್ತಿ ಯಾಕೆ ಬಡಿಸ್ತಿದ್ರು?’ ಎಂದೆ. ಗೆದ್ದೆನೆಂದೇ ನನ್ನ ಎಣಿಕೆ.

‘ನೀವು ಬೇಗ ಮುಂದೆ ಹೋಗ್ಲಿ ಅಂತ.’

ಮದುವೆಮನೆಗಳಲ್ಲಿ, ಭಾಷಣಗಳಲ್ಲಿ, ಎರಡು ಪುಸ್ತಕಗಳ ಮುನ್ನುಡಿಗಳಲ್ಲಿ ಆ ಒಂದು ಸೌಟಿನ ಕಥೆಯನ್ನು ನಾನು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೆ. ಕಥೆಯ ಜೀವವೇ ಆ ಸೌಟು. ಅದನ್ನು ಆಕೆಯ ಮುಗ್ಧತೆಯ ಗುರುತಾಗಿ ಹೇಳುತ್ತಿದ್ದೆ, ನನ್ನ ನಟನಾಕೌಶಲದ ಬಹುಮಾನವಾಗಿ ಹೇಳುತ್ತಿದ್ದೆ, ತಟ್ಟೆಯನ್ನು ಹೇಗೆ ಚಾಚುತ್ತಿದ್ದೆನೆಂದು ಕೈ ಮಾಡಿ ತೋರಿಸುತ್ತಿದ್ದೆ. ದಿನಕ್ಕೆ ಎರಡು ಹೊತ್ತು, ಮೂರು ವರ್ಷ, ಒಬ್ಬ ಹೆಂಗಸು ತನ್ನ ಎದುರಿನಿಂದ ನನ್ನನ್ನು ಸಾಗಹಾಕಲು ಕೊಟ್ಟ ತೆರಿಗೆಯನ್ನು ನಾನು ಚಪ್ಪರಿಸಿ ಉಂಡಿದ್ದೆ.

ಮೇಷ್ಟ್ರು ಕೇಳಿದ್ದು ಒಂದೇ. ಈ ದೃಶ್ಯ ತೆಗೆಸಿಬಿಡಿ. ‘ನನ್ನ ಮಕ್ಕಳು ನೋಡೋಕೆ ಬರ್ತಾರೆ’ ಎಂದರು. ಅವರಿಗೆ ಮಕ್ಕಳಿರಲಿಲ್ಲ, ಮಕ್ಕಳೆಂದರೆ ಹಳೆಯ ವಿದ್ಯಾರ್ಥಿಗಳು, ಅವರಲ್ಲಿ ಕೆಲವರಿಗಾಗಲೇ ಕೂದಲು ನರೆತಿತ್ತು. ಧ್ವನಿಮುದ್ರಕ ಹಟ ಹಿಡಿದು ಮೇಷ್ಟ್ರ ಹೆಸರನ್ನು ಚಿತ್ರದ ಆರಂಭದ ಪಟ್ಟಿಯಲ್ಲಿ ಹಾಕಿಸಿದ್ದ, ಆ ಸುದ್ದಿ ಅವನ ತಮ್ಮನ ಮೂಲಕ ಎಲ್ಲರಿಗೂ ಹರಡಿತ್ತು. ತಮಗೆ ಅಕ್ಷರ ಕೊಟ್ಟವರ ಹೆಸರು ಅಷ್ಟು ದೊಡ್ಡ ಅಕ್ಷರಗಳಲ್ಲಿ ಬರುವುದನ್ನು ನೋಡಲು ಅವರೆಲ್ಲ ದಿನ ಎಣಿಸುತ್ತಿದ್ದರು.

ನಾನು ಮಾತು ಕೊಟ್ಟೆ. ಮಾತು ಕೊಡುವುದು ನನ್ನ ಉದ್ಯೋಗ.

ಮರುದಿನ ನಿರ್ಮಾಪಕರ ಕೋಣೆಗೆ ಹೋದೆ. ಸತ್ಯವಾಗಿಯೂ ಆ ದೃಶ್ಯ ತೆಗೆಸಲೆಂದೇ ಹೋದೆ. ಅವರು ಗಂಟಲಿನ ಮಾತ್ರೆ ಚೀಪುತ್ತಾ ಕುಳಿತಿದ್ದರು. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ, ಹಿಂದಿನ ಸಂಜೆ ಹಂಚಿಕೆದಾರರಿಗೆ ಚಿತ್ರ ತೋರಿಸಿದಾಗ ಎಲ್ಲಕ್ಕಿಂತ ದೊಡ್ಡ ನಗು ಎಲ್ಲಿ ಬಂತು ಹೇಳಿ ನೋಡೋಣ ಎಂದರು. ನನಗೆ ಗೊತ್ತಿತ್ತು. ಆದರೂ ಗೊತ್ತಿಲ್ಲದವನಂತೆ ನಿಂತೆ, ಅವರ ಬಾಯಿಂದಲೇ ಕೇಳುವ ಆಸೆಗೆ. ಊಟದ ಮನೆ ಎಂದರು. ಒಬ್ಬ ಹಂಚಿಕೆದಾರ ನಕ್ಕು ಕೆಮ್ಮಿ ನೀರು ತರಿಸಿಕೊಂಡನೆಂದರು. ನಾನು ಬಾಯಿ ತೆರೆದೆ. ಒಳಗೆ ಸಿದ್ಧವಾಗಿದ್ದದ್ದು ಬೇರೆ ವಾಕ್ಯ. ಹೊರಗೆ ಬಂದದ್ದು, ‘ಅದು ನನ್ನ ಸ್ವಂತ ಅನುಭವ.’

ಆಮೇಲೆ ನಾವಿಬ್ಬರೂ ಅದರ ಬಗ್ಗೆ ಹತ್ತು ನಿಮಿಷ ಮಾತನಾಡಿದೆವು. ತಟ್ಟೆ ಚಾಚುವುದನ್ನು ನಾನು ಮಾಡಿ ತೋರಿಸಿದೆ ಎಂದು ಬರೆಯುವಾಗ ಲೇಖನಿ ನಿಲ್ಲುತ್ತದೆ. ಆದರೂ ತೋರಿಸಿದೆ.

ಮೇಷ್ಟ್ರು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ‘ಹೇಳಿದೀನಿ ಮೇಷ್ಟ್ರೇ, ನೋಡ್ತೀನಿ ಅಂದಿದಾರೆ’ ಎಂದೆ. ಅವರು ನನ್ನ ಬಾಯಿಯನ್ನು ಅದು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ನೋಡುತ್ತಿದ್ದು, ‘ಸರಿ’ ಎಂದರು. ಅಷ್ಟು ಓದಬಲ್ಲ ಮನುಷ್ಯನಿಗೆ ಒಂದು ಸುಳ್ಳು ಓದಲು ಬರಲಿಲ್ಲವೋ, ಅಥವಾ ಓದಿಯೂ ನಾನೇ ತಿದ್ದಿಕೊಳ್ಳಲೆಂದು ಬಿಟ್ಟರೋ, ಇವತ್ತಿಗೂ ನನಗೆ ತಿಳಿಯದು.

ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ಮೇಷ್ಟ್ರ ಮಕ್ಕಳು ಬಂದರು. ಹದಿನಾಲ್ಕು ಜನ. ಒಗೆದು ಮಡಿಸಿದ ಬಟ್ಟೆ ತೊಟ್ಟು, ಶಾಲೆಯ ಪ್ರವಾಸಕ್ಕೆ ಹೊರಟ ಹಾಗೆ ಸಾಲಾಗಿ. ಬಟ್ಟೆ ಹೊಲಿಯುವ ಒಬ್ಬಾಕೆ, ಪುಸ್ತಕಗಳಿಗೆ ರಟ್ಟು ಕಟ್ಟುವ ಒಬ್ಬಾತ, ಧ್ವನಿಮುದ್ರಕನ ತಮ್ಮ, ಇವರಷ್ಟೇ ನನಗೆ ಆಮೇಲೆ ಪರಿಚಯವಾದವರು. ಮೇಷ್ಟ್ರು ಸಾಲಿನ ತುದಿಯಲ್ಲಿ ಕುಳಿತರು. ನಾನು ಎರಡು ಸಾಲು ಹಿಂದೆ, ಜನ ನನ್ನನ್ನು ಗುರುತಿಸಲೆಂಬ ಆಸೆಯೂ ಮೇಷ್ಟ್ರು ಗುರುತಿಸದಿರಲೆಂಬ ಆಸೆಯೂ ಸಮಸಮವಾಗಿ ಇರುವ ಜಾಗದಲ್ಲಿ ಕುಳಿತೆ.

ಮೇಷ್ಟ್ರ ಹೆಸರು ತೆರೆಯ ಮೇಲೆ ಬಂದಾಗ ಆ ಹದಿನಾಲ್ಕು ಜನ ಕೈಗಳನ್ನೆತ್ತಿ ಗಾಳಿಯಲ್ಲಿ ಅಲುಗಿಸಿದರು. ಅವರ ಚಪ್ಪಾಳೆ ಹಾಗೆ, ಕಣ್ಣಿಗೆ ಹೊಡೆಯುವುದು. ಗೋಡೆ ಹಾರುವಾಗ, ಸೊಂಟ ಹಿಡಿದಾಗ ಎಲ್ಲರಿಗಿಂತ ಮೊದಲು ನಕ್ಕವರು ಅವರೇ. ‘ಪೀಪಾಯಿ’ಯಂಥ ಕಡೆಗಳಲ್ಲಿ ಒಬ್ಬರನ್ನೊಬ್ಬರು ತಿವಿದು, ನಟನ ಕಣ್ಣು ಕೆನ್ನೆಗಳು ಹೇಳುತ್ತಿದ್ದ ಅಸಲು ಮಾತನ್ನು ಕೈಸನ್ನೆಯಲ್ಲಿ ಹಂಚಿಕೊಂಡು ನಗುತ್ತಿದ್ದರು, ನಲವತ್ತೊಂದು ಮಾತುಗಳ ಪೈಕಿ ಒಂದೂ ಅವರಿಂದ ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಊಟದ ಮನೆ ಬಂತು.

ಇಡೀ ಚಿತ್ರಮಂದಿರ ನಕ್ಕಿತು. ನನ್ನ ಪಕ್ಕದವನು ನನ್ನ ತೊಡೆಗೇ ಬಡಿದು ನಕ್ಕ. ಆ ಒಂದು ಸಾಲು ಮಾತ್ರ ಅಲುಗಲಿಲ್ಲ. ತಲೆಯ ಹಿಂಭಾಗಗಳಷ್ಟೇ ನನಗೆ ಕಾಣುತ್ತಿದ್ದದ್ದು, ಅಷ್ಟು ಸಾಕಾಗಿತ್ತು. ಆಗ ಮೇಷ್ಟ್ರು ಎದ್ದರು. ಸಾಲಿನ ಮುಂದೆ ಹೋಗಿ, ತೆರೆಗೆ ಬೆನ್ನು ಮಾಡಿ, ತಮ್ಮ ಮಕ್ಕಳಿಗೆ ಎದುರಾಗಿ ನಿಂತರು. ಪಕ್ಕದ ಗೋಡೆಯ ಮೇಲಿನ ಸಣ್ಣ ದೀಪದ ಬೆಳಕು ಅವರ ಮುಖದ ಅರ್ಧಕ್ಕೆ ಬಿದ್ದಿತ್ತು. ಹಿಂದಿನಿಂದ ಯಾರೋ ಕೂತ್ಕೊಳ್ರೀ ಎಂದು ಕೂಗಿದರು. ಮೇಷ್ಟ್ರು ದನಿಯಿಲ್ಲದೆ ಮಾತನಾಡಿದರು. ಮೂರು ತಿಂಗಳು ಅವರ ಮಗ್ಗುಲಲ್ಲಿ ಕುಳಿತು ನಾನು ಒಂದಕ್ಷರ ಕಲಿತಿರಲಿಲ್ಲ. ಅವತ್ತು, ಅದು ಹೇಗೋ, ಓದಿದೆ. ನನ್ನ ಜೀವಮಾನದಲ್ಲಿ ತುಟಿಯಿಂದ ಓದಿದ ಮಾತು ಅದೊಂದೇ.

‘ನಾನು ಇದನ್ನ ಮುಂಚೆನೇ ನೋಡಿದ್ದೆ. ನನ್ನ ಹೆಸರು ತೆಗೆಸ್ಲಿಲ್ಲ.’

ನನ್ನ ವಿಷಯ ಹೇಳಲಿಲ್ಲ, ನಾನು ಕೊಟ್ಟ ಮಾತಿನ ವಿಷಯವೂ ಇಲ್ಲ. ಹೊಲಿಗೆಯಾಕೆ ಮೊದಲು ಎದ್ದರು. ಒಬ್ಬರ ಹಿಂದೆ ಒಬ್ಬರು, ಕಾಲು ತುಳಿಸಿಕೊಂಡವರಲ್ಲಿ ಕ್ಷಮೆ ಕೇಳುತ್ತಾ, ಹದಿನೈದು ಜನ ಹೊರಗೆ ಹೋದರು. ನಾನು ಕೊನೆಯ ತನಕ ಕುಳಿತಿದ್ದೆ. ಕೊನೆಯಲ್ಲಿ ಜನ ಕೈ ಕುಲುಕಿದರು, ಕುಲುಕಿಸಿಕೊಂಡೆ.

ಹತ್ತು ದಿನ ಬಿಟ್ಟು ಮೇಷ್ಟ್ರ ಮನೆಗೆ ಹೋದೆ. ಭಾನುವಾರದ ಮಧ್ಯಾಹ್ನಗಳಲ್ಲಿ ಹಳೆಯ ವಿದ್ಯಾರ್ಥಿಗಳು ಅಲ್ಲಿ ಸೇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸೋಮವಾರ ಹೋಗುತ್ತಿದ್ದೆ. ಬಾಗಿಲು ತೆರೆದ ಅಮ್ಮನವರು ನನ್ನ ಮುಖ ನೋಡಿ, ಏನೂ ಕೇಳದೆ ಪಕ್ಕಕ್ಕೆ ಸರಿದರು. ಮೇಷ್ಟ್ರು ಮನೆಯಲ್ಲೂ ಕೋಟು ತೊಟ್ಟೇ ಇದ್ದರು. ನಾನು ಅವರಿಗೆ ಹೇಳಲು ತೊಡಗಿದೆ. ಅವರು ಕೈಯೆತ್ತಿ ತಡೆದರು.

‘ನನಗ್ಯಾಕೆ? ನನಗೆ ಗೊತ್ತಿರೋದೇ ಅಲ್ವಾ. ಅಲ್ಲಿದಾರೆ ನೋಡಿ, ಅವರಿಗೆ ಹೇಳಿ.’

ಹಾಗಾದರೆ ನೀವು ಕೈಸನ್ನೆಯಲ್ಲಿ ಅವರಿಗೆ ತಿಳಿಸುತ್ತಾ ಹೋಗಿ ಎಂದು ಬೇಡಿಕೊಂಡೆ.

‘ಇಲ್ಲ. ಇದ್ರಲ್ಲಿ ನಾನು ನಡುವೆ ಬರಲ್ಲ. ಬಾಯಿ ನಿಮ್ಮದೇ ಇರ್ಲಿ’ ಎಂದರು. ಎಂದವರು ಗೋಡೆಯ ಬದಿಯ ಬೆಂಚಿನಲ್ಲಿ, ನನಗೆ ಕಾಣದ ಹಾಗೆ, ಹೋಗಿ ಕುಳಿತರು.

ದಾರಿಯುದ್ದಕ್ಕೂ ನಾನು ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಯೌವನದ ಅವಿವೇಕ, ಕಾಲದ ಕನ್ನಡಿ, ಪಶ್ಚಾತ್ತಾಪದ ಅಗ್ನಿ, ಎಲ್ಲ ಇತ್ತು. ನಡುವೆ ನನ್ನನ್ನೇ ಗೇಲಿ ಮಾಡಿಕೊಳ್ಳುವ ಒಂದು ಚಟಾಕಿಯೂ ಇತ್ತು, ಅದಕ್ಕೆ ಅವರು ನಗುವರೆಂಬ ಭರವಸೆಯೂ ಇತ್ತು. ನಾಚಿಕೆಪಟ್ಟವನು ನಿಲ್ಲುವ ರೀತಿಯಲ್ಲಿ ತಲೆ ತಗ್ಗಿಸಿ ನಿಂತು, ಕಾಲ ಹೆಬ್ಬೆರಳನ್ನು ನೋಡುತ್ತಾ ಅಷ್ಟನ್ನೂ ಒಪ್ಪಿಸಿದೆ. ಚಟಾಕಿಗೆ ನಗು ಬರಲಿಲ್ಲ. ಕೋಣೆಯಲ್ಲಿ ಮೌನ, ಅದನ್ನು ನನ್ನ ಮಾತಿನ ಪರಿಣಾಮವೆಂದು ತಿಳಿದು ದನಿಯನ್ನು ಇನ್ನಷ್ಟು ಕುಗ್ಗಿಸಿದೆ. ಮುಗಿದ ಮೇಲೆ ಹೊಲಿಗೆಯಾಕೆ ಎದ್ದು ಹತ್ತಿರ ಬಂದರು. ಅವರ ದನಿ ಏರಿಳಿತವಿಲ್ಲದ್ದು, ಒಂದೊಂದು ಅಕ್ಷರವನ್ನೂ ಪ್ರತ್ಯೇಕವಾಗಿ ಕತ್ತರಿಸಿ ಇಟ್ಟಂಥದ್ದು.

‘ಏನೂ ಬರ್ಲಿಲ್ಲ’ ಎಂದರು. ‘ತಲೆ ಎತ್ತಿ ಹೇಳಿ.’

ಎತ್ತಿದೆ. ಹದಿನಾಲ್ಕು ಜೊತೆ ಕಣ್ಣುಗಳು ನನ್ನ ಬಾಯಿಯ ಮೇಲಿದ್ದವು. ಹೊಂದಿಸಿ ತಂದ ಮಾತುಗಳಲ್ಲಿ ಒಂದೂ ಆ ಬಾಯಿಗೆ ಬರಲಿಲ್ಲ. ‘ನಮ್ಮ ಹಾಸ್ಟೆಲಲ್ಲಿ ಒಬ್ಬರಿದ್ರು. ಬಡಿಸ್ತಿದ್ರು. ಕಿವಿ ಕೇಳ್ತಿರ್ಲಿಲ್ಲ. ನಾನು ಅವರನ್ನ ಆಡ್ಕೊಂಡು ನಗ್ತಿದ್ದೆ. ಮೂರು ವರ್ಷ. ಆಮೇಲೆ ಅದನ್ನೇ ಸಿನಿಮಾಕ್ಕೆ ಬರ್ದೆ. ಮೇಷ್ಟ್ರು ತೆಗೆಸಿ ಅಂದ್ರು. ತೆಗೆಸ್ತೀನಿ ಅಂತ ಸುಳ್ಳು ಹೇಳ್ದೆ.’

ರಟ್ಟು ಕಟ್ಟುವಾತ ಕೇಳಿದ: ‘ಅವರ ಹೆಸರು?’

‘ಗೊತ್ತಿಲ್ಲ’ ಎಂದೆ.

ಆತ ಹುಬ್ಬು ಗಂಟಿಕ್ಕಿ ಪಕ್ಕದವರನ್ನು ನೋಡಿದ. ಆ ಮಾತಿನಲ್ಲಿ ತುಟಿಗೆ ತುಟಿ ತಾಗುವ ಅಕ್ಷರ ಒಂದೂ ಇಲ್ಲ, ಎಲ್ಲ ಬಾಯೊಳಗೇ ಆಗಿಹೋಗುತ್ತದೆ. ತಾನು ತಪ್ಪಾಗಿ ಓದಿದೆನೆಂದು ಅವನೆಣಿಸಿದ್ದ. ಮೂರು ವರ್ಷ ಕೈಯಾರೆ ಬಡಿಸಿದವರ ಹೆಸರು ತಿಳಿಯದಿರುವುದು ಸಾಧ್ಯವೆಂದು ಅವನಿಗೆ ತೋಚಿರಲಾರದು. ಇನ್ನೊಮ್ಮೆ ಹೇಳಿ ಎಂದು ಕೈ ಮಾಡಿದ. ಹೇಳಿದೆ. ಮತ್ತೂ ಒಮ್ಮೆ, ನಿಧಾನವಾಗಿ, ಹೇಳಿದೆ. ಆಗ ಅವನಿಗೆ ಬಂತು.

ಯಾರೂ ಬೈಯಲಿಲ್ಲ, ಪರವಾಗಿಲ್ಲ ಎಂದೂ ಯಾರೂ ಅನ್ನಲಿಲ್ಲ. ಹೊಲಿಗೆಯಾಕೆ ಕುರ್ಚಿ ತೋರಿಸಿ ಕೂತ್ಕೊಳ್ಳಿ ಎಂದರು. ಅಮ್ಮನವರು ಚಹಾ ತಂದರು. ಉಳಿದವರು ತಮ್ಮ ಮಾತಿಗೆ ಮರಳಿದರು. ಕೈಗಳು ಹಾರಾಡಿದವು, ಮುಖಗಳು ಅರಳಿದವು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಗು ದಾಟಿತು. ನನಗೆ ಒಂದಕ್ಷರ ತಿಳಿಯಲಿಲ್ಲ. ಅವರು ನಕ್ಕಾಗಲೆಲ್ಲ ಅದು ನನ್ನ ಬಗ್ಗೆ ಇದ್ದಿರಬಹುದೇ ಎಂದುಕೊಂಡು, ಲೋಟ ಹಿಡಿದು, ಎಲ್ಲರ ಮುಖ ನೋಡುತ್ತಾ ನಾನೂ ಮುಗುಳ್ನಗುತ್ತಿದ್ದೆ. ಆ ಮುಗುಳ್ನಗೆಯನ್ನು ನಾನು ಹಿಂದೆ ನೋಡಿದ್ದೆ, ತಟ್ಟೆ ಹಿಡಿದವನ ಬದಿಯಿಂದ.

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದನ್ನೇ ಬಾಳಿನ ಕೆಲಸ ಮಾಡಿಕೊಂಡ ಜನ ಪ್ರಪಂಚದಲ್ಲಿ ಅಲ್ಲಲ್ಲಿ ಇದ್ದಾರೆ: ಓದು ಬಾರದವರಿಗೆ ಕಾಗದ ಓದಿ ಹೇಳುವವರು, ನ್ಯಾಯಾಲಯದಲ್ಲಿ ಭಾಷೆ ತಿಳಿಯದವನ ಪರವಾಗಿ ನುಡಿಯುವವರು, ಇಂಥ ಮೇಷ್ಟ್ರುಗಳು. ಅವರು ನಡುವೆ ನಿಂತು ನಮ್ಮ ಒರಟನ್ನು ನಯಮಾಡಿ ದಾಟಿಸುವಷ್ಟು ಕಾಲ ನಾವು ಅವರನ್ನು ಬಾಯ್ತುಂಬ ಹೊಗಳುತ್ತೇವೆ, ಏಕೆಂದರೆ ಆ ನಯ ನಮ್ಮದೇ ಎಂಬ ಭ್ರಮೆಯಲ್ಲಿ ನಮಗೆ ಬದುಕಲು ಅನುಕೂಲ. ತಾವು ಸುಮ್ಮನಿದ್ದ ತಪ್ಪನ್ನು ಅವರು ಯಾರೂ ಕೇಳದೆಯೇ ಎದ್ದು ನಿಂತು ಹೇಳಿಬಿಡುತ್ತಾರೆ. ಬೇರೆಯವರ ತಪ್ಪನ್ನು ಮಾತ್ರ ಎಂದೂ ಹೇಳುವುದಿಲ್ಲ, ಹೊರುವುದೂ ಇಲ್ಲ. ಅವರ ದೊಡ್ಡತನ ನಮಗೆ ತಿಳಿಯುವುದು ಅವರು ನಡುವೆ ನಿಂತಾಗ ಅಲ್ಲ, ನಡುವಿನಿಂದ ಎದ್ದು ಹೋಗಿ ಬದಿಯ ಬೆಂಚಿನಲ್ಲಿ ಕುಳಿತಾಗ. ಯಾರಿಗೆ ಹೇಳಬೇಕೋ ಅವರೆದುರು, ನಮ್ಮದೇ ಬಾಯಿಯೊಂದಿಗೆ ನಮ್ಮನ್ನು ಬಿಟ್ಟು ಅವರು ಹಾಗೆ ಕುಳಿತುಬಿಟ್ಟರೆ, ಮಾತನ್ನೇ ತಿಂದು ಬದುಕುವ ನನ್ನಂಥವರಿಗೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿಲ್ಲ, ಅದಕ್ಕಿಂತ ದೊಡ್ಡ ಉಪಕಾರವೂ ಇನ್ನೊಂದಿಲ್ಲ.